ಷಡ್ಡಕನ ಹಡಗು

ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದ ಬಂದ ಗುಣವಲ್ಲ. ಷಡ್ಡಕನಿಂದ ಬಂದದ್ದು. ನನ್ನ ಹೆಂಡತಿಯ ತಂಗಿಯ ಕೈ ಹಿಡಿದು ಆ ಮನುಷ್ಯ ಹಲಸೂರಿನ ಮನೆಗೆ ಕಿರಿ ಅಳಿಯನಾಗಿ ಕಾಲಿಡುವವರೆಗೆ ನಾನು ನೆಮ್ಮದಿಯಾಗಿಯೇ ಇದ್ದೆ.

ಮಾವನವರದು ಹಲಸೂರು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ದೊಡ್ಡ ಹಳೇ ಮನೆ. ಅವರ ಅಣ್ಣತಮ್ಮಂದಿರು, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರಿದರೆ ಒಂದು ಬಸ್ಸು ತುಂಬುತ್ತಿತ್ತು. ಬಾಯಿಮಾತಿಗೆ ಹೇಳುತ್ತಿಲ್ಲ, ಆ ಬಸ್ಸನ್ನು ತುಂಬಿಸಿದವನೇ ನಾನು. ತೊಂಬತ್ತರ ದಶಕದ ಉದ್ದಕ್ಕೂ ಬೇಸಿಗೆ ರಜೆ ಬಂತೆಂದರೆ ಇಡೀ ಕುಟುಂಬವನ್ನು ಟೂರಿಗೆ ಕರೆದುಕೊಂಡು ಹೋಗುವುದು ಹಿರಿ ಅಳಿಯನಾದ ನನ್ನ ಕೆಲಸ. ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲಾರ್ಕ್ ಆಗಿದ್ದೆ. ಅಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಬಸ್ಸಿನಲ್ಲಿ ಮಾತ್ರ ನಾನು ಹೇಳಿದ್ದೇ ಕಾಯಿದೆ. ಡ್ರೈವರ್ ಪಕ್ಕದ ಸೀಟು ನನ್ನದು, ಕೊರಳಲ್ಲಿ ಒಂದು ವಿಷಲ್. ಊದಿದೆನೆಂದರೆ ಮಾವನವರು ಕೂಡ ಅರ್ಧ ಕುಡಿದ ಟೀ ಬಿಟ್ಟು ಓಡಿ ಬಂದು ಹತ್ತುತ್ತಿದ್ದರು.

ನನ್ನ ಟೂರಿನ ಹೆಗ್ಗಳಿಕೆಯೆಂದರೆ ಊಟ. ಕಂಡಕಂಡ ಹೋಟೆಲಿನಲ್ಲಿ ತಿಂದು ಹೊಟ್ಟೆ ಕೆಡಿಸಿಕೊಳ್ಳುವ ಪೈಕಿ ನಾವಲ್ಲ. ಗ್ಯಾಸ್ ಒಲೆ, ಸಿಲಿಂಡರು, ಕೊಳಗ, ತಪ್ಪಲೆ, ರಾಗಿ ಹಿಟ್ಟು, ಹುರಿದ ರವೆ, ಪುಳಿಯೋಗರೆ ಗೊಜ್ಜು ಎಲ್ಲವೂ ಬಸ್ಸಿನ ಹಿಂಭಾಗದಲ್ಲಿ ನಮ್ಮ ಜೊತೆಯೇ ಬರುತ್ತಿದ್ದವು. ಒಳ್ಳೇ ನೆರಳು ಕಂಡಲ್ಲಿ ಬಸ್ಸು ನಿಲ್ಲಿಸಿ ನನ್ನ ಹೆಂಡತಿಗೆ ಒಲೆ ಒಪ್ಪಿಸಿದರೆ ಮುಗಿಯಿತು, ಮತ್ತೆ ಆ ಕಡೆ ತಿರುಗಿ ನೋಡಬೇಕಾಗಿರಲಿಲ್ಲ. ಬಿಸಿ ಮುದ್ದೆ, ಹುರುಳಿಕಾಳಿನ ಸಾರು ತಾನಾಗಿ ಎಲೆಗೆ ಬರುತ್ತಿತ್ತು. ಊರಿಗೆ ಮರಳಿದ ಮೇಲೆ ಅತ್ತೆ ಬೀದಿಯವರಿಗೆಲ್ಲ ಕೇಳುವ ಹಾಗೆ, “ನಮ್ ದೊಡ್ಡ ಅಳಿಯಂದ್ರು ಇಲ್ದಿದ್ರೆ ನಾವು ಎಲ್ ಹೋಗ್ತಿದ್ವಿ!” ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಾನು ಇಡೀ ವರ್ಷ ಬದುಕುತ್ತಿದ್ದೆ.

ಷಡ್ಡಕ ಔಷಧಿ ಕಂಪನಿಯೊಂದರಲ್ಲಿ ಸೇಲ್ಸ್ ಮ್ಯಾನೇಜರು. ಇಂದಿರಾನಗರದಲ್ಲಿ ಮನೆ. ಅವನ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅದಕ್ಕೂ ಆಸ್ಪದ ಕೊಡದ ಆಸಾಮಿ. ಕುಡಿತವಿಲ್ಲ, ಜಂಬವಿಲ್ಲ, ಕಂಡಾಗಲೆಲ್ಲ “ಅಣ್ಣಾ, ಆರಾಮಾ?” ಎಂದು ನಗುತ್ತಾನೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಾವನವರಿಗೆ ಎಪ್ಪತ್ತು ತುಂಬುವುದರಲ್ಲಿತ್ತು. ಸಿ.ವಿ. ರಾಮನ್ ನಗರದ ಕಡೆ ಇದ್ದ ಹಿರಿಯರ ಕಾಲದ ಜಾಗ ಮಾರಿದ್ದರಿಂದ ಕೈಯೂ ಸಡಿಲವಾಗಿತ್ತು. “ಹೋಮ ಗೀಮ ಬೇಡ, ಎಲ್ಲರೂ ಸೇರ್ಕೊಂಡು ಎಲ್ಲಾದ್ರೂ ಹೋಗೋಣ, ಖರ್ಚು ನಂದು,” ಎಂದಿದ್ದರು. ಹಂಪಿ, ಬಿಜಾಪುರ, ಪಂಢರಾಪುರ ಎಂದು ನಾನು ಮನಸ್ಸಿನಲ್ಲೇ ದಾರಿ ಹಾಕಿಟ್ಟಿದ್ದೆ. ಯುಗಾದಿಯ ಊಟಕ್ಕೆ ಎಲ್ಲರೂ ಸೇರಿದಾಗ ಹೇಳೋಣವೆಂದು ಕಾದಿದ್ದೆ.

ಆ ದಿನ ಷಡ್ಡಕ ಒಂದು ಆಲ್ಬಂ ತಂದಿದ್ದ. ಕಂಪನಿಯವರು ಅವನನ್ನು ಸಿಂಗಾಪುರಕ್ಕೆ ಕಳಿಸಿ ಅಲ್ಲಿಂದ ಒಂದು ಹಡಗಿನಲ್ಲಿ ಸುತ್ತಾಡಿಸಿದ್ದರಂತೆ. ಹಡಗೆಂದರೆ ನಮ್ಮ ಹಲಸೂರು ಕೆರೆಯ ದೋಣಿಯಲ್ಲ, ನೀರಿನ ಮೇಲೆ ನಿಂತ ಬಹುಮಹಡಿ ಕಟ್ಟಡ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋ ಸವರಿ ನೋಡಿದರು. “ಒಳಗೆ ಲಿಫ್ಟ್ ಬೇರೆ ಇದ್ಯಂತಲ್ರೀ!” ಎಂದು ಮಾವನವರಿಗೆ ತೋರಿಸಿದರು. ಮಾವನವರು, “ಎಲ್ಲಾರೂ ಹೋಗ್ಬಹುದೇನಪ್ಪಾ ಇದರಲ್ಲಿ?” ಎಂದರು. “ಧಾರಾಳವಾಗಿ ಮಾವ. ಗ್ರೂಪ್ ಬುಕಿಂಗ್ ಮಾಡ್ಸಿದ್ರೆ ಎಲ್ಲರಿಗೂ ಅಕ್ಕಪಕ್ಕದ ರೂಮೇ ಕೊಡ್ತಾರೆ,” ಎಂದ. ಬಿಜಾಪುರ ನನ್ನ ಗಂಟಲಲ್ಲೇ ಉಳಿಯಿತು. ಊಟಕ್ಕೆ ಕೂತಾಗ ಒಬ್ಬಟ್ಟಿನ ಮೇಲಿನ ತುಪ್ಪ ಮೊದಲು ಅವನ ಎಲೆಗೆ ಬಿತ್ತು. ಅಷ್ಟು ವರ್ಷ ಅದು ಮೊದಲು ಬೀಳುತ್ತಿದ್ದುದು ನನ್ನ ಎಲೆಗೆ. ಯಾರೂ ಗಮನಿಸಲಿಲ್ಲ, ನಾನು ಗಮನಿಸಿದೆ. ಆ ಒಬ್ಬಟ್ಟು ನನಗೆ ಇಳಿಯಲಿಲ್ಲ.

ಸುಮ್ಮನೆ ಕೂರುವ ಜೀವವಲ್ಲ ನನ್ನದು. ಮರುವಾರದಿಂದಲೇ ಸ್ಕೂಟರ್ ಹತ್ತಿ ಮನೆಮನೆ ತಿರುಗಿದೆ. ಜೀವನ್ ಬಿಮಾ ನಗರದಲ್ಲಿದ್ದ ಚಿಕ್ಕಮಾವನಿಗೆ ಹಡಗಿನ ವಾಂತಿಯ ಬಗ್ಗೆ ಹೇಳಿದೆ. “ಒಂದ್ಸಲ ಶುರುವಾದ್ರೆ ಕರುಳೇ ಈಚೆ ಬರುತ್ತಂತೆ,” ಎಂದೆ. ದೊಡ್ಡಮಾವನ ಮನೆಯಲ್ಲಿ, ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸಿನವರು ಬಾಗಿಲಿಗೆ ಬಂದು ನಿಂತರೆ ಬೀದಿಯವರು ಏನೆಂದುಕೊಳ್ಳಬೇಕು ಎಂದು ಕೇಳಿದೆ. ನನ್ನ ಬೇಳೆ ಬೇಯಲಿಲ್ಲ. ನಾನು ಹೋಗಿ ಬಂದ ಮನೆಗೆಲ್ಲ ಷಡ್ಡಕ ಹಿಂದೆಯೇ ಹೋಗಿ ವಾಂತಿಗೆ ಮಾತ್ರೆ, ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು ಬರುತ್ತಿದ್ದ. ಅದೂ ನನ್ನ ಮೇಲೆ ಒಂದು ಮಾತೂ ಆಡದೆ, “ಅಣ್ಣ ಹೇಳಿದ್ದು ಸರಿ, ಅದಕ್ಕೇ ಮೊದಲೇ ಹುಷಾರಾಗಿರೋಣ ಅಂತ,” ಎಂದು ಹೇಳಿ!

ಮನೆಗೆ ಬಂದು ಹೆಂಡತಿಯ ಮುಂದೆ ಕಾರಿಕೊಳ್ಳುತ್ತಿದ್ದೆ. ಅವಳು ಸೊಪ್ಪು ಸೋಸುತ್ತಲೋ ಅಕ್ಕಿ ಆರಿಸುತ್ತಲೋ “ಹೂಂ” ಎನ್ನುತ್ತಿದ್ದಳು. “ನಮ್ ಬಸ್ಸಲ್ಲಿ ಏನ್ ಕಮ್ಮಿ ಇತ್ತು ಹೇಳು?” ಎಂದರೂ ಹೂಂ. “ಅವನಿಗೆ ಶೋಕಿ, ಬೇರೇನಿಲ್ಲ,” ಎಂದರೂ ಹೂಂ. ಜಗತ್ತೇ ಆ ಕಡೆ ವಾಲಿದರೂ ಇವಳೊಬ್ಬಳು ನನ್ನ ಕಡೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಅದು ನನಗೆ ಬೇಕಾಗಿಯೂ ಇತ್ತು. ಏಕೆಂದರೆ ಮಾವನವರು ಒಂದು ಷರತ್ತು ಹಾಕಿದ್ದರು. “ಭಾನುವಾರ ಟ್ರಾವಲ್ಸಿನೋರು ಮನೆಗೇ ಬರ್ತಾರೆ. ಏನ್ ಕೇಳ್ಬೇಕೋ ಎಲ್ಲಾ ಕೇಳ್ಬಿಡಿ. ಎಲ್ಲರೂ ಒಪ್ಪಿದ್ರೆ ಹಡಗು. ಒಬ್ರು ಒಲ್ಲೆ ಅಂದ್ರೂ ದೊಡ್ಡ ಅಳಿಯಂದ್ರ ಬಸ್ಸು.” ನಾನೇ ಒಲ್ಲೆ ಎಂದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಮನೆಮಗಳು ಒಲ್ಲೆ ಎಂದರೆ ಯಾರೂ ಕೆಮ್ಮುವಂತಿಲ್ಲ.

ಭಾನುವಾರ ಮಾವನವರ ಮನೆಯ ಹಾಲಿನ ತುಂಬ ಜಮಖಾನ ಹಾಸಿ ಎಲ್ಲರೂ ಕೂತರು. ಹೆಂಗಸರು ಅಡುಗೆಮನೆಯ ಬಾಗಿಲಿನಾಚೆ. ನನ್ನ ಹೆಂಡತಿ ಎಂದಿನಂತೆ ಒಳಗೆ, ಅಷ್ಟೂ ಜನಕ್ಕೆ ಚೌಚೌ ಬಾತ್ ಮಾಡುತ್ತಿದ್ದಳು. ಟ್ರಾವಲ್ಸಿನವನು ಶಿವಾಜಿನಗರದವನು, ಟೈ ಕಟ್ಟಿಕೊಂಡು ಬೆವರುತ್ತಿದ್ದ. ಕಂಟೋನ್ಮೆಂಟಿನವರ ಹಾಗೆ ಒಂದೇ ಉಸಿರಿನಲ್ಲಿ ಮೂರು ಭಾಷೆ ಆಡುತ್ತಿದ್ದ. ಈಜುಕೊಳ, ಮ್ಯಾಜಿಕ್ ಶೋ, ಸಸ್ಯಾಹಾರ ಎಂದು ಅವನು ಹೇಳುತ್ತಾ ಹೋದಂತೆ ಮಕ್ಕಳ ಕಣ್ಣು ಅಗಲವಾಗುತ್ತಿತ್ತು. ಷಡ್ಡಕ ಗೋಡೆಗೊರಗಿ ತಣ್ಣಗೆ ನಗುತ್ತಿದ್ದ. ನಾನು ನನ್ನ ಅಸ್ತ್ರವನ್ನು ಕೊನೆಗೆಂದು ಇಟ್ಟುಕೊಂಡಿದ್ದೆ.

“ಅದೆಲ್ಲಾ ಸರಿ ಸ್ವಾಮಿ, ನಾವು ನಮ್ ಒಲೆ ತರಬಹುದಾ?” ಎಂದೆ.

“ಅಯ್ಯಯ್ಯೋ, ಸ್ಟವ್ ಎಲ್ಲಾ ಅಲೋ ಮಾಡಲ್ಲ ಸಾರ್.”

“ಹೋಗ್ಲಿ, ಕರೆಂಟ್ ಒಲೆ?”

“ನೋ ಚಾನ್ಸ್ ಸಾರ್. ರೂಮಲ್ಲಿ ಒಂದು ಬೆಂಕಿಕಡ್ಡಿ ಗೀರಂಗಿಲ್ಲ. ರೂಲ್ಸ್ ರೊಂಬ ಸ್ಟ್ರಿಕ್ಟು.”

ನನಗೆ ಕುಣಿಯುವಷ್ಟು ಖುಷಿಯಾಯಿತು. ಎದ್ದು ನಿಂತೆ. ಬಾಗಿಲಿನಾಚೆಯ ಹೆಂಗಸರಿಗೂ ಕೇಳಲೆಂದು ದನಿ ಎತ್ತರಿಸಿದೆ. “ಕೇಳಿಸ್ಕೊಂಡ್ರಾ ಎಲ್ಲರೂ? ಹತ್ತಿದಾಗಿಂದ ಇಳಿಯೋ ತನಕ ನಮ್ ಮನೆ ಹೆಂಗಸರು ಒಂದು ಲೋಟ ಕಾಫಿ ಕೂಡ ಮಾಡ್ಕೊಳೋ ಹಾಗಿಲ್ಲ! ಇಂಥಾ ಕಡೆ ಹೋಗ್ಬೇಕಾ ನಾವು?”

ಒಳಗೆ ಬಾಣಲೆಯಲ್ಲಿ ಆಡುತ್ತಿದ್ದ ಸೌಟಿನ ಸದ್ದು ನಿಂತಿತು. ಗೆದ್ದೆ ಎಂದುಕೊಂಡು ಷಡ್ಡಕನ ಕಡೆ ನೋಡಿದೆ. ಅವನ ಮುಖದಲ್ಲಿ ಮೊದಲ ಸಲ ನಗು ಮಾಯವಾಗಿತ್ತು. ಆಹಾ, ಆ ಕ್ಷಣದ ಸುಖವನ್ನು ಏನೆಂದು ಹೇಳಲಿ!

ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ರವೆ ಮೆತ್ತಿತ್ತು. ನನ್ನನ್ನು ನೋಡಲಿಲ್ಲ. ನೇರವಾಗಿ ಟ್ರಾವಲ್ಸಿನವನನ್ನೇ ಕೇಳಿದಳು.

“ನಾವಾಗೇ ಮಾಡ್ತೀವಿ ಅಂತ ಕೇಳ್ಕೊಂಡ್ರೂ ಬಿಡಲ್ವಾ?”

ಪಾಪ, ಅವನು ಅವಳಿಗೆ ಬೇಜಾರಾಯಿತೆಂದು ತಿಳಿದ. “ಸಾರಿ ಮಾ. ಕಿಚನ್ ಒಳಗೆ ನಿಮ್ಮನ್ನ ಬಿಡೋದೇ ಇಲ್ಲ.”

“ಪಾತ್ರೆ?”

“ತಿಂದ ಪ್ಲೇಟ್ ಕೂಡ ನೀವು ಎತ್ತಂಗಿಲ್ಲ ಮಾ. ಅವರೇ ಬಂದು ಎತ್ಕೊಂಡು ಹೋಗ್ತಾರೆ.”

ಅವಳು ರವೆ ಮೆತ್ತಿದ ಕೈಯನ್ನು ಹಾಗೆಯೇ ಮೇಲೆತ್ತಿದಳು. “ನಾನು ಬರ್ತೀನಿ. ಮೊದಲು ನನ್ ಹೆಸ್ರು ಬರ್ಕೊಳ್ಳಿ.”

ಬಾಗಿಲಿನಾಚೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ದೊಡ್ಡತ್ತೆಯ ಕೈ ಎದ್ದಿತು, ಚಿಕ್ಕತ್ತೆಯದು ಎದ್ದಿತು, ಸೊಸೆಯಂದಿರದು ಎದ್ದಿತು. ಅತ್ತೆಯಂತೂ ಎರಡೂ ಕೈ ಎತ್ತಿ, “ನಂಗೂ ಸಾಕಾಗಿದೆ ಕಣ್ರೇ!” ಎಂದರು. ಹಾಲಿಗೆ ಹಾಲೇ ಗೊಳ್ಳೆಂದಿತು. ನಾನು ಇಂಗು ತಿಂದ ಮಂಗನ ಹಾಗೆ ಜಮಖಾನದ ಮಧ್ಯೆ ನಿಂತಿದ್ದೆ. ಷಡ್ಡಕ ಹತ್ತಿರ ಬಂದು ಮೆಲ್ಲಗೆ, “ಅಣ್ಣಾ, ಈ ಪಾಯಿಂಟ್ ನಂಗೇ ಹೊಳೆದಿರ್ಲಿಲ್ಲ,” ಎಂದ. ಕುಹಕವಲ್ಲ, ನಿಜವಾಗಿಯೇ ಹೇಳಿದ. ಅವನ ಕುತ್ತಿಗೆ ಹಿಚುಕಬೇಕೆನಿಸಿತು.

ಸಂಜೆ ಸ್ಕೂಟರಿನಲ್ಲಿ ಮನೆಗೆ ಹೊರಟೆವು. ಟಿನ್ ಫ್ಯಾಕ್ಟರಿ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡು ಎಂಜಿನ್ ಆಫ್ ಮಾಡಬೇಕಾಯಿತು. ಆಗ ತಡೆಯಲಾಗಲಿಲ್ಲ.

“ನೀನೂ ಅವನ ಪಾರ್ಟಿ ಸೇರ್ಬಿಟ್ಯಲ್ಲ?”

“ನಾನ್ ಯಾರ್ ಪಾರ್ಟಿನೂ ಸೇರಿಲ್ಲ.”

“ಮತ್ತೆ? ಎಷ್ಟು ಊರು ತೋರ್ಸಿದೀನಿ ನಿಂಗೆ! ಮಧುರೆ, ರಾಮೇಶ್ವರ, ಕನ್ಯಾಕುಮಾರಿ...”

“ಕನ್ಯಾಕುಮಾರಿ ನಾನ್ ನೋಡಿಲ್ಲ ರೀ.”

“ತಲೆಗಿಲೆ ಕೆಟ್ಟಿದ್ಯಾ? ನಾನೇ ಅಲ್ವಾ ಕರ್ಕೊಂಡ್ ಹೋಗಿದ್ದು?”

“ಕರ್ಕೊಂಡ್ ಹೋಗಿದ್ರಿ, ಇಲ್ಲ ಅಂದೋರ್ಯಾರು. ಸೂರ್ಯ ಹುಟ್ಟೋದು ನೋಡೋಕೆ ನೀವು ಎಲ್ಲರನ್ನೂ ಎಬ್ಬಿಸ್ಕೊಂಡು ಹೋದಾಗ ನಾನು ಛತ್ರದ ಹಿಂದೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ತಾ ಇದ್ದೆ. ನೀವೆಲ್ಲಾ ಬಂದ್ರಿ, ತಿಂದ್ರಿ. ನಾನು ಪಾತ್ರೆ ತೊಳ್ದು ಮುಗಿಸೋಷ್ಟರಲ್ಲಿ ವಿಷಲ್ ಆಯ್ತು. ಬಸ್ ಹತ್ತಿದೆ. ಸಮುದ್ರ ಕಂಡಿದ್ದು ಕಿಟಕಿಯಿಂದ, ಅದೂ ಅರ್ಧ. ಪರದೆ ಅಡ್ಡ ಇತ್ತು.”

ಹಿಂದಿನ ಬಸ್ಸಿನವನು ಸುಮ್ಮನೆ ಹಾರನ್ ಹೊಡೆಯುತ್ತಿದ್ದ. ನನಗೆ ಹಿಂದೆ ತಿರುಗಿ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

“ಆಗ್ಲೇ ಹೇಳ್ಬಾರ್ದಾಗಿತ್ತಾ?” ಎಂದೆ.

“ನೀವು ಉಪ್ಪಿಟ್ಟು ತಿಂತಾ, ಆಹಾ ಏನ್ ಬಣ್ಣ, ನೀರೊಳಗಿಂದ ಎದ್ದು ಬಂದ್ಹಾಗೆ ಬಂದ ಅಂತ ನಂಗೇ ಹೇಳ್ತಾ ಇದ್ರಿ. ಅಷ್ಟು ಖುಷಿಯಾಗಿದ್ರಿ. ಅದರ ಮಧ್ಯ ಏನಂತ ಹೇಳ್ಲಿ?”

ಅಷ್ಟು ಕೇಳಿದರೂ ಹೊಟ್ಟೆಯ ಬೆಂಕಿ ಆರಲಿಲ್ಲ. “ಏನಾದ್ರೂ ಆಗ್ಲಿ, ಆ ಹಡಗಿಗೆ ನಾನಂತೂ ಬರಲ್ಲ,” ಎಂದೆ.

“ಸರಿ. ನಾನು ಹೋಗ್ಬರ್ತೀನಿ.”

ಇಷ್ಟೇ. ಒಂದು ದಮ್ಮಯ್ಯ ಇಲ್ಲ, ಒಂದು ಬನ್ನಿ ಇಲ್ಲ. ಮುಂದಿನ ಲಾರಿ ಕದಲಿತು, ನಾನು ಕಿಕ್ ಹೊಡೆದೆ. ಸ್ಕೂಟರ್ ಹೊರಟ ಮೇಲೆ ಅವಳು ನನ್ನ ಹೆಗಲ ಹತ್ತಿರ ಬಾಗಿ, “ಬಂದ್ರೆ ಬನ್ನಿ. ಒಂದ್ಸಲನಾದ್ರೂ ಇಬ್ರೂ ಜೊತೇಲಿ ಕೂತು ಊಟ ಮಾಡೋಣ,” ಎಂದಳು.

ಹೋದೆ. ಷಡ್ಡಕನೇ ನನ್ನ ಪಾಸ್‌ಪೋರ್ಟಿಗೂ ಓಡಾಡಿದ. ಏರ್‌ಪೋರ್ಟಿನಲ್ಲಿ ಅಷ್ಟೂ ಜನರನ್ನು ಎಣಿಸಿ ಒಳಗೆ ಬಿಟ್ಟವನು ಅವನು, ಸಿಂಗಾಪುರದಲ್ಲಿ ಹಡಗು ಹತ್ತಿಸಿದವನು ಅವನು. ನಾನು ಸಾಲಿನಲ್ಲಿ ಚೀಲ ಹಿಡಿದುಕೊಂಡು ನಿಂತವರಲ್ಲಿ ಒಬ್ಬನಾಗಿದ್ದೆ. ಹಡಗಿನಲ್ಲಿ ಮೊದಲ ಬೆಳಿಗ್ಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ ಇತ್ತು. ಗಾಬರಿಯಾಗಿ ಹುಡುಕಿಕೊಂಡು ಮೇಲಿನ ಡೆಕ್ಕಿಗೆ ಹೋದೆ. ಅವಳು ಕಂಬಿ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಯಾರೋ ಮಾಡಿಕೊಟ್ಟ ಕಾಫಿ. ಪಕ್ಕದಲ್ಲಿ ಅವಳ ತಂಗಿ, ಷಡ್ಡಕ. “ಅಕ್ಕಾ, ಅಲ್ನೋಡಿ, ಸೂರ್ಯ ಬಂದ,” ಎಂದು ಅವನು ಬೆರಳು ಮಾಡಿ ತೋರಿಸುತ್ತಿದ್ದ.

ತೋರಿಸುವ ಆ ಬೆರಳು ನನ್ನದಾಗಿರಬೇಕಿತ್ತು. ತಿರುಗಿ ಹೋಗಿಬಿಡೋಣ ಎನ್ನುವಷ್ಟರಲ್ಲಿ ಅವನು ನನ್ನನ್ನು ಕಂಡು, “ಬನ್ನಿ ಅಣ್ಣಾ, ಇಲ್ಲಿ ನಿಂತ್ಕೊಳ್ಳಿ,” ಎಂದು ತನ್ನ ಜಾಗ ಬಿಟ್ಟುಕೊಟ್ಟ. ಹೋಗಿ ಅವಳ ಪಕ್ಕ ನಿಂತೆ. ಅವಳು ನನ್ನ ಕಡೆ ತಿರುಗಲಿಲ್ಲ. ಕೆಂಪಗೆ ನೀರಿನಿಂದ ಏಳುತ್ತಿದ್ದವನ ಮೇಲೆಯೇ ಕಣ್ಣಿಟ್ಟಿದ್ದಳು.

“ನೀವು ಹೇಳಿದ್ರಲ್ಲ, ಹಾಗೇ ಇದಾನೆ ರೀ,” ಎಂದಳು.