ಹೇಳದೇ ಬಿಟ್ಟ ಗಂಧಕ

ಆ ವರ್ಷ ನನ್ನ ಕೆಲಸವೆಂದರೆ ಕರಬೂಜದ ಬಳ್ಳಿಗಳಿಗೆ ರೋಗ ಹಚ್ಚುವುದು. ಹೊಸ ತಳಿಗಳಲ್ಲಿ ಯಾವುದು ಬೂದಿ ರೋಗವನ್ನು ತಾಳಿಕೊಳ್ಳುತ್ತದೆಂದು ತಿಳಿಯಬೇಕಾದರೆ ಮೊದಲು ರೋಗ ಬರಬೇಕಲ್ಲ. ಬೀಜದ ಕಂಪನಿಯೊಂದು ಮೋರಟಗಿ ಹತ್ತಿರ ಒಂದು ಹೊಲವನ್ನು ಗುತ್ತಿಗೆಗೆ ಹಿಡಿದಿತ್ತು. ನಾನು ಸಿಂದಗಿಯಲ್ಲಿ ಕೋಣೆ ಮಾಡಿಕೊಂಡು ದಿನಾ ಮುಂಜಾನೆ ಸ್ಕೂಟಿಯಲ್ಲಿ ಹೋಗುತ್ತಿದ್ದೆ. ರೋಗ ಬಂದ ಎಲೆಗಳ ಬಿಳಿ ಪುಡಿಯನ್ನು ಮಕ್ಕಳು ಬಣ್ಣ ಹಚ್ಚುವ ಕುಂಚದಿಂದ ಎಳೆಯ ಸಸಿಗಳ ಮೇಲೆ ಉದುರಿಸುತ್ತಿದ್ದೆ. ಅಲ್ಲಿ ಯಾವ ಔಷಧವನ್ನೂ ಹೊಡೆಯುವಂತಿರಲಿಲ್ಲ.

ಬದುವಿನ ಆಚೆ ನಲವತ್ತು ದಾಟಿದ ಹೆಣ್ಣುಮಗಳೊಬ್ಬಳು ಅರ್ಧ ಎಕರೆಯಲ್ಲಿ ಸವತೆ ಹಾಕಿದ್ದಳು. ಸಿಂದಗಿ ಸಂತೆಗೆ ತಾನೇ ಒಯ್ದು ಮಾರುತ್ತಿದ್ದಳು. ಮೊದಲ ದಿನವೇ ನನ್ನನ್ನು ತಂಗಿ ಎಂದು ಕರೆದಳು. ಹನ್ನೊಂದರ ಹೊತ್ತಿಗೆ ತಂಬಿಗೆ ತುಂಬ ಮಜ್ಜಿಗೆ ತಂದು ಬದುವಿನ ಮೇಲೆ ಇಡುತ್ತಿದ್ದಳು. ನಾನು ಏನು ಮಾಡುತ್ತೇನೆಂದು ಕೇಳಿದಾಗ, "ಬಳ್ಳಿ ಪರೀಕ್ಷಾ ಮಾಡಾಕತ್ತೇನ್ರಿ ಅಕ್ಕಾರ" ಎಂದಿದ್ದೆ. ಅದು ಸುಳ್ಳಲ್ಲ.

ಮೂರು ವಾರಕ್ಕೆ ನನ್ನ ಸಾಲುಗಳು ಬೆಳ್ಳಗಾದವು. ನಾನು ಖುಷಿಯಲ್ಲಿದ್ದೆ. ಅದಾದ ಕೆಲವೇ ದಿನಗಳಲ್ಲಿ ಅವಳು ಒಂದು ಸವತೆ ಎಲೆ ಹಿಡಿದುಕೊಂಡು ಬದು ದಾಟಿ ಬಂದಳು.

"ತಂಗಿ, ನೀ ಕಲ್ತಾಕಿ ಇದ್ದಿ. ಬೂದಿ ಉಗ್ಗಿದಂಗ ಆಗೇತಿ ನೋಡು. ಏನರ ಹೊಡೀಬೇಕೇನು?"

ಗಂಧಕದ ಪುಡಿ ಹೊಡೆಯಬೇಕಿತ್ತು. ಸಿಂದಗಿಯ ಯಾವ ಗೊಬ್ಬರದ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಅವಳು ಹೊಡೆದ ಗಂಧಕ ಗಾಳಿಗೆ ನಮ್ಮ ಹೊಲಕ್ಕೆ ಬಂದರೆ ರೋಗ ಕುಗ್ಗುತ್ತದೆ, ಯಾವ ತಳಿಗೆ ಎಷ್ಟು ರೋಗ ಬಂತೆಂದು ಎಲೆಗಳಿಗೆ ಅಂಕ ಕೊಡುವ ಮುಂಚೆಯೇ ಪರೀಕ್ಷೆ ಕೆಡುತ್ತದೆ. ಇನ್ನು ಹತ್ತು ದಿನದ ಕೆಲಸ ಉಳಿದಿತ್ತು.

"ಹವಾ ಹಂಗ ಐತ್ರಿ. ಮುಂಜಾನಿ ಥಂಡಿ, ಮಧ್ಯಾಹ್ನ ಬಿಸಲ. ತಾನ ಕಡಿಮಿ ಆಗತೈತಿ" ಎಂದೆ.

ಅವಳು ನಂಬಿದಳು. ಮರುದಿನದಿಂದ ಮಜ್ಜಿಗೆ ಬರಲಿಲ್ಲ. ಯಾರೋ ಹೇಳಿದರೆಂದು ಮನೆಯ ಮಜ್ಜಿಗೆಯನ್ನೆಲ್ಲ ನೀರು ಬೆರೆಸಿ ಬಳ್ಳಿಗೆ ಚಿಮುಕಿಸುತ್ತಿದ್ದಳು. "ನಿನಗ ಇಲ್ಲದಂಗ ಆತು" ಎಂದು ನನ್ನ ಮುಂದೆಯೇ ಪೇಚಾಡಿದಳು. ನಾನು ತಲೆ ಬಗ್ಗಿಸಿ ಎಲೆಗಳನ್ನು ತಿರುವಿ ನೋಡುತ್ತ ಅಂಕ ಬರೆದೆ. ಎರಡು ತಳಿಗಳು ಹಸಿರಾಗಿಯೇ ನಿಂತಿದ್ದವು. ಕಂಪನಿಯ ಮೇಲಿನವರು ಫೋನಿನಲ್ಲಿ ಹೊಗಳಿದರು.

ಅಷ್ಟರಲ್ಲಿ ಅವಳ ಬಳ್ಳಿ ಬುಡದಿಂದ ಒಣಗುತ್ತ ಬಂದು, ಕಾಯಿ ಸೊಟ್ಟಗಾಗಿ, ಸಂತೆಗೆ ಒಯ್ಯುವಂಥದ್ದು ಏನೂ ಉಳಿಯಲಿಲ್ಲ. ಕಡೆಯ ದಿನ ಅವಳು ಬಳ್ಳಿ ಕಿತ್ತು ಗುಂಪೆ ಹಾಕುತ್ತಿದ್ದಾಗ ನಾನೇ ಹತ್ತಿರ ಹೋದೆ.

"ಆ ರೋಗ ನಾನ ಹಚ್ಚಿದ್ದು ಅಕ್ಕಾರ, ನಮ್ಮ ಬಳ್ಳಿಗೆ. ನಿಮ್ಮ ಹೊಲಕ್ಕ ಅಲ್ಲಿಂದನ ಬಂದಿರಬೇಕು. ಗಂಧಕ ಹೊಡದಿದ್ರ ನಿಂದರತಿತ್ತು. ನನಗ ಗೊತ್ತಿತ್ತು."

ಅವಳ ಕೈ ನಿಂತಿತು. "ನಾ ಕೇಳಿದಾಗ ಗೊತ್ತಿತ್ತು?"

"ಹೌದ್ರಿ."

"ರೋಗ ಗಾಳಿಗೆ ಬರತೈತಿ, ಅದು ಬ್ಯಾರೆ" ಎಂದಳು. ಕೈಯಲ್ಲಿದ್ದ ಬಳ್ಳಿಯನ್ನು ಗುಂಪೆಗೆ ಎಸೆದು, "ಆದ್ರ ನಾ ಕೇಳಿದ್ನಲ್ಲ ತಂಗಿ." ಮತ್ತೆ ಬಳ್ಳಿ ಕೀಳತೊಡಗಿದಳು. ನಾನೂ ಬಗ್ಗಿ ಕೀಳಲು ಹೋದೆ. ಬೇಡ ಎಂದು ಕೈ ಅಡ್ಡ ಮಾಡಿದಳು.

ಮುಂದಿನ ಹಂಗಾಮಿಗೆ ಇಂಗಳೇಶ್ವರದ ಕಡೆ, ಸುತ್ತ ಈ ರೋಗ ಹತ್ತದ ಜೋಳವಷ್ಟೇ ಇದ್ದ ಹೊಲವನ್ನು ಹಟ ಹಿಡಿದು ಆರಿಸಿದೆ. ನೆರೆಹೊಲದವರಿಗೆಲ್ಲ ಮೊದಲೇ ಹೋಗಿ ಹೇಳಿ ಬಂದೆ. ಅದರಿಂದ ಮನಸ್ಸೇನೂ ಹಗುರಾಗಲಿಲ್ಲ.

ಒಮ್ಮೆ ಸಿಂದಗಿ ಸಂತೆಯಲ್ಲಿ ಅವಳು ಮೆಂತೆಸೊಪ್ಪು ಹರವಿಕೊಂಡು ಕುಳಿತಿದ್ದಳು. ದಾಟಿ ಹೋಗಲು ಕಾಲು ಬರಲಿಲ್ಲ. ಎದುರು ಕುಕ್ಕರಗಾಲಿನಲ್ಲಿ ಕುಳಿತೆ. ಅವಳು ನಕ್ಕಳು, ದೊಡ್ಡ ಸಿವುಡುಗಳನ್ನೇ ಆರಿಸಿ ಕೊಟ್ಟಳು.

"ಚಲೋ ಅದೀರೇನ್ರಿ ಮೇಡಮ್ಮಾರ?" ಎಂದು ಕೇಳಿದಳು.