ಇನ್ನೊಬ್ಬ ಕೊಟ್ರೇಶ

ನಮ್ಮ ಮನೆಯ ಹೊಸ ಕಂಪ್ಯೂಟರಿಗೆ ನನ್ನ ಹೆಂಡತಿ ಕೊಟ್ರಮ್ಮ ಹಳೆಯ ಸೀರೆಯ ಸೆರಗಿನಿಂದ ಒಂದು ಗವುಸು ಹೊಲಿದಿದ್ದಾಳೆ. ಅದನ್ನು ಎತ್ತುವಾಗ ನನ್ನ ಕೈ ಈಗಲೂ ಒಂದು ಕ್ಷಣ ತಡೆಯುತ್ತದೆ. ಯಾಕೆಂದು ನಿಮಗೆ ಹೇಳಬೇಕು. ಅವಸರ ಮಾಡದೆ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಹರಪನಹಳ್ಳಿಯ ಅಂಗಡಿಯೊಂದರಲ್ಲಿ ಹೊಸದನ್ನು ಕೊಂಡೆ. ಅಂಗಡಿಯ ನಾಗರಾಜ ಹಳೆಯದರ ಡಿಸ್ಕನ್ನು ಬಿಚ್ಚಿ ಹೊಸದರೊಳಗೆ ಕೂರಿಸಿ, "ನಿಮ್ ಫೈಲ್ ಎಲ್ಲಾ ಇದ್ರಾಗೇ ಅದಾವೆ ಸಾರ್" ಎಂದ. ಹಳೆಯದರಲ್ಲಿ ನನ್ನ ಖಾತೆಯ ಹೆಸರು ಕೊಟ್ರೇಶ. ಹೊಸದರಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟುಕೊಂಡೆ. ಮನೆ ಬದಲಿಸಿದವನು ಹಳೆಯ ಬೀಗವನ್ನೇ ಹೊಸ ಬಾಗಿಲಿಗೂ ಹಾಕಿದಂತೆ ಅದರಲ್ಲೊಂದು ನೆಮ್ಮದಿಯಿತ್ತು.

ಅದಾದ ಕೆಲವೇ ದಿನಕ್ಕೆ ಕೊಟ್ರಮ್ಮನ ಎದೆಯ ಸ್ಕ್ಯಾನಿನಲ್ಲಿ ಶ್ವಾಸಕೋಶದ ಮೇಲೆ ಒಂದು ಸಣ್ಣ ಗಂಟು ಕಂಡಿತು. ದಾವಣಗೆರೆಯ ಡಾಕ್ಟರಮ್ಮ ಮುಖದಲ್ಲಿ ಏನನ್ನೂ ತೋರಗೊಡದೆ, ಹಿಂದೆಂದಾದರೂ ಸ್ಕ್ಯಾನ್ ಆಗಿತ್ತೇ ಎಂದು ಕೇಳಿದರು. ಕೆಲವು ವರ್ಷಗಳ ಹಿಂದೆ ಬಿಡದ ಕೆಮ್ಮಿಗೆಂದು ಮಾಡಿಸಿದ್ದೆವು. ಅಂದೂ ಗಂಟು ಇಷ್ಟೇ ಇದ್ದಿದ್ದರೆ ಕಾಯಬಹುದು, ಅಂದು ಇರದೆ ಈಗ ಬಂದದ್ದಾದರೆ ಸೂಜಿ ಹಾಕಿ ತುಣುಕು ತೆಗೆದು ನೋಡಲೇಬೇಕು ಎಂದರು. ಸ್ಕ್ಯಾನ್ ಮಾಡಿದವರ ಬಳಿ ಅಷ್ಟು ಹಳೆಯದು ಉಳಿದಿರಲಿಲ್ಲ; ನಮಗೆ ಕೊಟ್ಟಿದ್ದ ಸೀಡಿ ಗೀರುಬಿದ್ದು ಹಾಳಾಗಿತ್ತು. ಅದರ ಪ್ರತಿ ಇದ್ದದ್ದು ನನ್ನ ಹಳೆಯ ಡಿಸ್ಕಿನಲ್ಲಿ ಮಾತ್ರ.

ನಮ್ಮೂರು ಕೊಟ್ಟೂರಿಗೆ ಮರಳಿ ಆ ಪ್ರತಿಯಿದ್ದ ಫೋಲ್ಡರನ್ನು ಒತ್ತಿದೆ. ಇದನ್ನು ತೆರೆಯಲು ನಿಮಗೆ ಅನುಮತಿಯಿಲ್ಲ ಎಂದಿತು. ಮತ್ತೆ ಒತ್ತಿದರೆ ಮತ್ತೆ ಅದೇ ಮಾತು, ಅದೇ ಸೌಜನ್ಯ. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಮಾಲೀಕ ಯಾರೆಂದು ಹುಡುಕಿದರೆ, ಹೆಸರಿರಬೇಕಾದ ಕಡೆ ಉದ್ದನೆಯ ಸಂಖ್ಯೆಯೊಂದು ಮಲಗಿತ್ತು. ನಾಗರಾಜನಿಗೆ ಫೋನ್ ಮಾಡಿದೆ.

"ಸಾರ್, ನಿಮ್ ಕೊಟ್ಟೂರಾಗೆ ಕೊಟ್ರೇಶ ಅಂತ ಎಷ್ಟ್ ಮಂದಿ ಅದಾರೆ?"

"ಊರ ದೇವರ ಹೆಸರು, ಓಣಿಗೆ ನಾಕ್ ಮಂದಿ ಸಿಗ್ತಾರಪ. ಯಾಕ?"

"ಕಂಪ್ಯೂಟರ್ ಹೆಸರು ನೋಡಲ್ಲ ಸಾರ್, ಒಳಗಿನ ನಂಬರ್ ನೋಡ್ತತಿ. ಆ ಫೋಲ್ಡರ್ ಹಳೇ ಕೊಟ್ರೇಶಂದು. ನೀವು ಇನ್ನೊಬ್ಬ ಕೊಟ್ರೇಶ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಹೆಸರು ನನ್ನದು, ಉಸಿರು ನನ್ನದು, ಆ ಚಿತ್ರಗಳನ್ನು ಅಲ್ಲಿಟ್ಟ ಕೈಯೂ ನನ್ನದು. ಆದರೂ ನಾನು ನಾನೆಂದು ಒಪ್ಪಿಸಲು ನನ್ನಲ್ಲಿ ಏನೂ ಇರಲಿಲ್ಲ. ಹೆಸರೆಂಬುದು ಲೋಕ ನಮ್ಮನ್ನು ಎತ್ತಿಕೊಳ್ಳಲು ಹಾಕಿದ ಹಿಡಿಕೆ ಇರಬೇಕು. ಪಾತ್ರೆಯೊಳಗೆ ಏನಿದೆಯೆಂದು ಹಿಡಿಕೆಗೆ ಹೇಗೆ ತಿಳಿಯಬೇಕು?

ಆ ನಂಬರಿನ ಜಾಗಕ್ಕೆ ನನ್ನ ಈಗಿನ ಖಾತೆಯನ್ನು ಮಾಲೀಕನೆಂದು ಹಾಕಿ, ಒಳಗಿನ ಎಲ್ಲ ಫೈಲುಗಳಿಗೂ ಅದು ಅನ್ವಯವಾಗುವಂತೆ ಗುರುತು ಮಾಡಲು ನಾಗರಾಜ ಹೇಳಿಕೊಟ್ಟ. ಅಷ್ಟರಲ್ಲಿ ಎಲ್ಲ ಅಳಿಸಿಹೋದರೆ ಎಂದು ಕೇಳಿದೆ.

"ಮಾಲೀಕ ಬದ್ಲಾಗ್ತಾನೆ ಸಾರ್, ಮಾಲು ಅಲ್ಲ."

ಆದರೂ ಒತ್ತಲು ಬೆರಳು ಏಳಲಿಲ್ಲ. ಬೆನ್ನ ಹಿಂದೆ ನಿಂತಿದ್ದ ಕೊಟ್ರಮ್ಮ, "ಅತ್ಲಾಗ ಸರೀರಿ, ನಿಮಗ ಅಂಜಿಕಿ ಆದ್ರ ನಾನ ಒತ್ತತೀನಿ" ಎಂದಳು. ನಾನೇ ಒತ್ತಿದೆ.

ಫೋಲ್ಡರ್ ತೆರೆಯಿತು. ಬೂದುಬಣ್ಣದ ಚಿತ್ರಗಳು, ಒಂದೊಂದರ ಮೂಲೆಯಲ್ಲೂ ಕೊಟ್ರಮ್ಮ ಎಂಬ ಹೆಸರು. ಊರಿಲ್ಲ, ಗಂಡನ ಹೆಸರಿಲ್ಲ. ಬರೆದಿದ್ದ ವಯಸ್ಸು ಅವಳದಲ್ಲ. ಆಗ ನೆನಪಾಯಿತು: ಸ್ಕ್ಯಾನಿನವರು ಅಂದು ಕೊಟ್ರಮ್ಮ ಎಂದು ಕೂಗಿದಾಗ ಬೆಂಚಿನಿಂದ ಇನ್ನಿಬ್ಬರು ಎದ್ದು ನಿಂತಿದ್ದರು. ಇದು ಯಾರ ಎದೆ? ಹೆಂಡತಿಗೆ ಏನನ್ನೂ ಹೇಳದೆ ಪೆನ್‌ಡ್ರೈವಿಗೆ ಹಾಕಿಕೊಂಡೆ; ಮರುದಿನ ಇಬ್ಬರೂ ದಾವಣಗೆರೆಗೆ ಹೋದೆವು.

ಡಾಕ್ಟರಮ್ಮನ ಎದುರು ನನ್ನ ಅನುಮಾನವನ್ನು ಹೇಳಲೇಬೇಕಾಯಿತು. ಅವರು ಎರಡು ಸ್ಕ್ಯಾನುಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಅಮ್ಮಾ, ಯಾವಾಗಲಾದರೂ ಬಲಗಡೆ ಪಕ್ಕೆಲುಬು ಮುರಿದಿತ್ತಾ?"

ಕೊಟ್ರಮ್ಮ ಮೊದಲು ನನ್ನ ಮುಖ ನೋಡಿದಳು. "ಹೌದ್ರಿ. ಸಣ್ಣಾಕಿ ಇದ್ದಾಗ, ಕೂಡ್ಲಿಗ್ಯಾಗ, ಹುಣಸಿ ಗಿಡದಿಂದ ಬಿದ್ದಿದ್ದೆ. ಹೆಣ್ಣ ನೋಡಾಕ ಬರೋರಿಗೆ ತಿಳದೀತು, ಯಾರ ಮುಂದೂ ಹೇಳಬ್ಯಾಡ ಅಂದಿದ್ಳು ನಮ್ಮವ್ವ."

"ಎರಡರಲ್ಲೂ ಅದೇ ಎಲುಬು, ಅದೇ ಕೂಡಿದ ಗುರುತು. ಇವರೇ. ವಯಸ್ಸನ್ನು ತಪ್ಪು ಬರೆದಿದ್ದಾರೆ." ಗಂಟಿನ ಮೇಲೆ ಬೆರಳಿಟ್ಟು ಹೇಳಿದರು, "ಗಂಟು ಅಂದೂ ಇತ್ತು. ಬೆಳೆದಿಲ್ಲ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ."

ಇಷ್ಟು ವರ್ಷ ದಿನವೂ ಹೆಸರು ಹಿಡಿದು ಕೂಗುತ್ತಿದ್ದವಳೊಳಗೆ ನನಗೆ ಅನುಮತಿಯಿರದ ಒಂದು ಎಲುಬಿತ್ತು. ಅದೇ ಅಂದು ಅವಳನ್ನು ಅವಳೆಂದು ಹೇಳಿತು. ಭಯ ಹೋಯಿತೆಂದು ನಾನು ಹೇಳಲಾರೆ. ಆರು ತಿಂಗಳ ರಜೆಯ ಮೇಲೆ ಹೋಗಿದೆ, ಅಷ್ಟೆ.

ವಾಪಸು ಬರುವ ಬಸ್ಸಿನಲ್ಲಿ ಕೊಟ್ರಮ್ಮ ಕಿಟಕಿಯ ಕಡೆ ಕೂತಿದ್ದಳು. ಹೊರಗೆ ನೋಡುತ್ತಲೇ ಹೇಳಿದಳು:

"ಇನ್ನ ಆರ್ ತಿಂಗಳು, ಅಲ್ಲೀಮಟ ಆ ಕಂಪ್ಯೂಟರ್ ಬದ್ಲಿ ಮಾಡಬ್ಯಾಡ್ರಿ."