ಚಪ್ಪಾಳೆ ಬಿದ್ದ ವಾಕ್ಯ

ಭದ್ರಾವತಿಯ ನಮ್ಮ ಕಾರ್ಮಿಕರ ಸಾಲುಮನೆಗಳಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ ಆಗಿದ್ದುದರಿಂದ, ಕಾರ್ಖಾನೆಯಿಂದ ಯಾರೇ ನಿವೃತ್ತರಾದರೂ ಬೀಳ್ಕೊಡುಗೆಯ ಭಾಷಣ ನನ್ನ ಪಾಲಿಗೆ ಬರುತ್ತಿತ್ತು. ಶಿವಮೊಗ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಸಂಜೆಯ ರೈಲಿಳಿದು, ಅಂಗಿಯ ಕಾಲರು ಸರಿಪಡಿಸಿಕೊಂಡು, ನೇರವಾಗಿ ಶಾಮಿಯಾನಕ್ಕೆ ಹೋಗುತ್ತಿದ್ದೆ. ಒಂದು ಉಚ್ಚಾರಣೆ ತಪ್ಪಿದರೂ ನಾನು ಓದಿದ್ದೆಲ್ಲ ಸುಳ್ಳೆಂದು ಜನ ತಿಳಿದಾರೆಂಬ ಭಯ ಸದಾ ಇರುತ್ತಿತ್ತು.

ಮೊದಲ ಸಲ ಕಂಡದ್ದನ್ನೇ ಹೇಳಿದೆ. ನಿವೃತ್ತರಾದವರು ಬೀದಿಯ ನಲ್ಲಿಯ ಬಳಿ ನಿಂತು ಹೆಂಗಸರ ಜಗಳ ಬಿಡಿಸುತ್ತಿದ್ದ ಬಗೆಯನ್ನು ವಿವರಿಸಿದೆ. ಮುಂದಿನ ಸಾಲಿನ ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ಗಾಬರಿಯಲ್ಲಿ, ಹೇಗಾದರೂ ಮುಗಿಸಬೇಕೆಂದು, “ಇವರದು ಉಕ್ಕಿನಂಥ ಮೈ, ಬೆಣ್ಣೆಯಂಥ ಮನಸ್ಸು” ಎಂದೆ. ಶಾಮಿಯಾನವೆಲ್ಲ ಚಪ್ಪಾಳೆ.

ಆಮೇಲೆ ನಾನು ಬೇರೆ ಮಾತು ಹುಡುಕಲಿಲ್ಲ, ಜನರೂ ಕೇಳಲಿಲ್ಲ. “ನಮ್ಮಪ್ಪಂಗೂ ಆ ಬೆಣ್ಣೆ ಮಾತು ಹೇಳ್ಬೇಕು ಸಾರ್” ಎಂದು ಮನೆಗೇ ಬಂದು ಹೇಳಿ ಹೋಗುತ್ತಿದ್ದರು. ಬೀದಿಯ ಮಹಾ ಜಗಳಗಂಟರೊಬ್ಬರಿಗೂ ಅದೇ ಮನಸ್ಸನ್ನು ದಯಪಾಲಿಸಿದಾಗ ಹಿಂದಿನಿಂದ ಯಾರೋ, “ಇವ್ರದು ಬೆಣ್ಣೆನಾ? ಹೆಂಡ್ತೀನ್ ಕೇಳು ಮಾರಾಯ!” ಎಂದರು. ಹಾಗೆಂದವರೂ ಚಪ್ಪಾಳೆ ತಟ್ಟಿದರು.

ಕೊನೆಗೆ ನನ್ನ ತಂದೆಯವರ ಸರದಿ ಬಂತು. ಅಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ಅವರು ಹೇಳಿದರು: “ನನ್ ವಿಷ್ಯ ಏನೂ ಬೇಡ ಕಣೋ. ನನ್ ಜೋಡಿದಾರನ್ ವಿಷ್ಯ ಹೇಳ್ಬಿಡು, ಸಾಕು. ಅಷ್ಟು ಜನದ್ ಮುಂದೆ ನನ್ ಬಾಯಲ್ಲಿ ಬರಲ್ಲ.”

ಜೋಡಿದಾರರೆಂದರೆ ಕುಲುಮೆಯಲ್ಲಿ ತಂದೆಯೊಡನೆ ದುಡಿಯುತ್ತಿದ್ದ ತಮಿಳರು. ನನ್ನ ತಾಯಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ತಮ್ಮ ಹಗಲುಪಾಳಿಗಳನ್ನು ತಂದೆಗೆ ಬಿಟ್ಟುಕೊಟ್ಟು, ತಂದೆಯ ರಾತ್ರಿಪಾಳಿಗಳನ್ನೆಲ್ಲ ತಾವೇ ಮಾಡಿದವರು. ಹಾಗಾಗಿ ರಾತ್ರಿ ತಾಯಿಯ ಬಳಿ ತಂದೆ ಇರುತ್ತಿದ್ದರು; ನಾನು ನಿಶ್ಚಿಂತೆಯಿಂದ ಮಲಗಿ, ಬೆಳಗಿನ ರೈಲಿಗೆ ಶಿವಮೊಗ್ಗದ ಕಾಲೇಜಿಗೆ ಹೋಗುತ್ತಿದ್ದೆ. ನನ್ನ ಪದವಿ ಆ ಜೋಡಿದಾರರು ಬಿಟ್ಟ ನಿದ್ದೆಯಿಂದ ಬಂದದ್ದು.

ಸಭೆಯಲ್ಲಿ ಜೋಡಿದಾರರು ಎರಡನೆಯ ಸಾಲಿನಲ್ಲಿ ಹೊಸ ಅಂಗಿ ತೊಟ್ಟು ಕುಳಿತಿದ್ದರು. “ಈ ಸಂದರ್ಭದಲ್ಲಿ ಮತ್ತೊಬ್ಬರನ್ನು ನೆನೆಯಬೇಕಾಗಿದೆ” ಎಂದು ಆರಂಭಿಸಿದೆ. ಅಧಿಕಾರಿಯೊಬ್ಬರು ಕೆಮ್ಮಿದರು. ಪಕ್ಕದವರು ಅವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಹಿಂದಿನಿಂದ ಕೂಗು ಬಂತು: “ಬೆಣ್ಣೆ ಬರ್ಲಿ ಸಾರ್!”

ಬೆಣ್ಣೆ ಬಂತು. ಚಪ್ಪಾಳೆ ಬಿತ್ತು, ಅದು ನಿಲ್ಲುವ ಮೊದಲೇ ಅಂಥದೇ ಇನ್ನೊಂದು ವಾಕ್ಯ, ಮತ್ತೆ ಚಪ್ಪಾಳೆ. ಹೇಳಬೇಕಾದದ್ದನ್ನು ಮರೆತೆನೆಂದರೆ ಸುಳ್ಳಾಗುತ್ತದೆ. ಮಾತು ಮುಗಿಯುವವರೆಗೂ ಆ ಹೊಸ ಅಂಗಿ ನನಗೆ ಕಾಣುತ್ತಲೇ ಇತ್ತು.

ಮನೆಗೆ ನಡೆದು ಬರುವಾಗ ತಂದೆ ಹಾರವನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು. “ಅವ್ನು ಕಾಯ್ತಿದ್ದ ಕಣೋ. ನನ್ ಮಗ ನಿನ್ ವಿಷ್ಯ ಹೇಳ್ತಾನೆ ನೋಡು ಅಂದಿದ್ದೆ” ಎಂದರು.

ಭಾನುವಾರ ನಾನೊಬ್ಬನೇ ಜೋಡಿದಾರರ ಮನೆಗೆ ಹೋದೆ. ಅಲ್ಲಿ ಕಾಲರಿನ ಚಿಂತೆ ಇರಲಿಲ್ಲ, ಗಡಿಯಾರ ನೋಡುವವರೂ ಇರಲಿಲ್ಲ. “ಆ ರಾತ್ರಿಪಾಳಿಗಳ ವಿಷಯ...” ಎಂದು ಬಾಯಿ ತೆರೆದೆ.

“ಅದೆಲ್ಲಾ ಯಾಕ್ ತಂಬಿ, ಬಿಡು!” ಎಂದರು ಅವರು, ಸಂಕೋಚದಿಂದ ಕೈಯಾಡಿಸುತ್ತ. “ಏನ್ ಮಾತಾಡ್ದೆ ಅವತ್ತು! ಮುಂದಿನ್ ವರ್ಷ ನಂದೂ ರಿಟೈರು. ನಂಗೂ ಆ ಬೆಣ್ಣೆ ಮಾತು ಹೇಳ್ಬೇಕು, ಆಯ್ತಾ? ಇವ್ಳು ಕೇಳೇ ಇಲ್ಲ. ಈಗ ಒಂದ್ಸಲ ಹೇಳು, ಕೇಳ್ಲಿ.”

ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ನಾನು ಎದ್ದು ನಿಂತು, ಉಚ್ಚಾರಣೆ ತಪ್ಪದಂತೆ, ಆ ವಾಕ್ಯವನ್ನೇ ಹೇಳಿದೆ. ದಂಪತಿಗಳಿಬ್ಬರೂ ಚಪ್ಪಾಳೆ ತಟ್ಟಿದರು.